ಏಣಿಯಮ್ಮನ ನೀಲಿ ಗೌನಿನ ಅಂಚು

ಏಣಿಯಮ್ಮ ಒಂದು ಕಾಲಕ್ಕೆ ಆರಡಿ ಎತ್ತರ ಇದ್ದಳು ಎಂದು ಯಾರಾದರೂ ಹೇಳಿದರೆ ಆ ಬೀದಿಯ ಹಳಬರು ಜಗಳಕ್ಕೇ ಬರುತ್ತಾರೆ. ಆರೇ ಅಡಿಯಾ ಎಂದು ಹುಬ್ಬೇರಿಸುತ್ತಾರೆ. ಅವರು ಹೇಳುವ ಪ್ರಕಾರ ಅವಳು ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸಲು ತಾರಸಿಯ ಮೇಲೆ ನಿಂತರೆ ಮೋಡ ತಾಗಿ ಮತ್ತೆ ಒದ್ದೆಯಾಗುತ್ತಿತ್ತು. ಅದಕ್ಕೇ ಅವಳಿಗೆ ವರ್ಷವಿಡೀ ನೆಗಡಿ. ಇದರಲ್ಲಿ ನೆಗಡಿಯ ಮಾತಂತೂ ಪೂರ್ತಿ ನಿಜ. ಉಳಿದದ್ದಕ್ಕೆ ಸಾಕ್ಷಿ ಹೇಳುವವರೆಲ್ಲ ಗಿಡ್ಡ ಜನ, ಅದನ್ನೂ ಸ್ವಲ್ಪ ಗಮನದಲ್ಲಿ ಇಟ್ಟುಕೊಳ್ಳಬೇಕು.

ಅಂಗಡಿಗಳ ನೆತ್ತಿಯ ಮೇಲೆ ಹೆಸರು ಬರೆಯುವುದು ಅವಳ ಕಸುಬಾಗಿತ್ತು. ಆ ಬೀದಿಯಲ್ಲಿ ಕನ್ನಡಕದ ಅಂಗಡಿ, ಬೀಗದ ಅಂಗಡಿ, ಹಲ್ಲಿನ ಡಾಕ್ಟರು, ಮೂರು ಚಪ್ಪಲಿ ಅಂಗಡಿ, ಎಲ್ಲದರ ಮೇಲೂ ಅವಳ ಅಕ್ಷರಗಳೇ. ಕೆಂಪು ಅಕ್ಷರಕ್ಕೆ ಹಳದಿ ನೆರಳು ಕೊಡುವುದು ಅವಳ ಕೈಗುಣ. ಕೆಲಸ ಬಿಟ್ಟು ಹದಿನೈದು ವರ್ಷವಾದರೂ ದಿನಾ ಸಂಜೆ ನಾಲ್ಕಕ್ಕೆ ಮೆಟ್ಟಿಲಿಳಿದು ಬೀದಿಯ ಆ ತುದಿಯವರೆಗೆ ಹೋಗಿ ಬರುತ್ತಿದ್ದಳು. ಒಂದೊಂದು ಬೋರ್ಡಿನ ಕೆಳಗೂ ನಿಂತು, ಸ್ಕೂಲಿಗೆ ಹೋದ ಮಕ್ಕಳು ಚೆನ್ನಾಗಿದ್ದಾರಾ ಎಂದು ನೋಡುವವಳ ಹಾಗೆ, ಬಿಸಿಲಿಗೆ ಯಾವ ಅಕ್ಷರ ಬಿಳಿಚಿಕೊಂಡಿದೆ, ಯಾವುದರ ಮೂಲೆ ಚಕ್ಕೆ ಎದ್ದಿದೆ ಎಂದು ನೋಡುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಜೊತೆಗಿರಬಾರದು. ಗಂಡನೂ.

ಗಂಡನನ್ನು ಊರೆಲ್ಲ ಲಿಫ್ಟಜ್ಜ ಎನ್ನುತ್ತಿತ್ತು. ಆರು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ, ಹಿತ್ತಾಳೆಯ ಹಿಡಿಕೆ ತಿರುಗಿಸಿ ಓಡಿಸುವ ಹಳೇ ಲಿಫ್ಟಿನಲ್ಲಿ, ಮೂವತ್ತೆಂಟು ವರ್ಷ ಕೆಲಸ ಮಾಡಿದ್ದ. ಅಷ್ಟು ವರ್ಷ ಪ್ರಯಾಣ ಮಾಡಿಯೂ ಒಂದಡಿ ಮುಂದೆ ಹೋಗದ ಮನುಷ್ಯ ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವನು ಕುಳ್ಳ. ಆದರೆ ಅವನ ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗದ ಹಾಗೆ ನಿಲ್ಲುತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಅವನ ಹೊಸ್ತಿಲಲ್ಲಿ ಒಬ್ಬರೂ ಎಡವಲಿಲ್ಲ. ಕುಡಿದು ಬಂದವರು ಲಿಫ್ಟಿನೊಳಗೆ ನೆಟ್ಟಗೆ ನಡೆದು ಹೋಗಿ ಹೊರಗೆ ಬಂದ ಮೇಲೆ ತೂರಾಡುತ್ತಿದ್ದರು ಎಂದು ಅವನೇ ಹೇಳುತ್ತಿದ್ದ. ಅವನು ಹೇಳಿದ್ದರಲ್ಲಿ ಅರ್ಧ ಬಿಟ್ಟು ಉಳಿದರ್ಧ ಒಣಗಿಸಿ ನಂಬಬೇಕು.

ವಯಸ್ಸು ಬಂದು ಏಣಿಯಮ್ಮನನ್ನು ಮೇಲಿನಿಂದ ಮೆಲ್ಲಗೆ ಒತ್ತಿತು. ವರ್ಷಕ್ಕಿಷ್ಟು ಎಂದು ಅವಳು ಕುಗ್ಗುತ್ತಾ ಬಂದಳು. ಅವಳಿಗೆ ಮಾತ್ರ ಅದು ಕಾಣಲಿಲ್ಲ. ಕಪಾಟಿನ ಮೇಲಿನ ಡಬ್ಬಿ ಎಟುಕದಿದ್ದರೆ, "ಯಾರ್ರೀ ಇದನ್ನ ಒಳಗೆ ತಳ್ಳಿದ್ದು?" ಎನ್ನುವಳು. ಗೌನು ನೆಲಕ್ಕೆ ಎಳೆದಾಡಿದರೆ, "ಹಳೇ ಬಟ್ಟೆ, ಜೋತು ಬಿದ್ದಿದೆ," ಎನ್ನುವಳು. ಅವಳ ಬಳಿ ಹೊರಗೆ ಹಾಕುವಂಥ ಗೌನುಗಳು ಮೂರೇ: ನೀಲಿ, ಕಂದು, ಬೂದು. ಮೂರನ್ನೂ ಬೀದಿ ಕೊನೆಯ ದರ್ಜಿ ಒಂದೇ ಅಳತೆಗೆ, ನೆಲದಿಂದ ಮೂರು ಬೆರಳು ಮೇಲೆ ನಿಲ್ಲುವ ಹಾಗೆ ಹೊಲಿದಿದ್ದ. ಈಗ ಮೂರೂ ಅವಳ ಹಿಂದೆ ಬಾಲ ಬಿಟ್ಟುಕೊಂಡು ಬರುತ್ತಿದ್ದವು.

ಒಂದು ದಿನ ಆ ನೀಲಿ ಬಾಲವನ್ನು ತಾನೇ ತುಳಿದು ಅವಳು ಮೂರು ಮೆಟ್ಟಿಲು ಜಾರಿ ಕೂತಳು. ಸೊಂಟ ನೀಲಿಗಟ್ಟಿತು. ಸುದ್ದಿ ತಿಳಿದು ಮಗಳು ಬಂದಳು. ಮಗಳು ಸಿಟಿ ಬಸ್ಸಿನ ಡ್ರೈವರು. ಅವಳ ಮಾತು ಬ್ರೇಕು ಹಾಕಿದ ಹಾಗೆ, ಎಲ್ಲರೂ ಒಮ್ಮೆ ಮುಂದಕ್ಕೆ ಬಾಗಿ ಸುಮ್ಮನಾಗಬೇಕು.

"ಇನ್ಮೇಲೆ ಒಬ್ಬಳೇ ಇಳಿಯೋ ಹಾಗಿಲ್ಲ ಅಮ್ಮ. ಯಾರಾದ್ರೂ ಕೈ ಹಿಡ್ಕೊಂಡಿದ್ರೆ ಹೋಗು. ಇಲ್ಲ ಅಂದ್ರೆ ಕಿಟಕಿಯಿಂದ ನೋಡ್ಕೊ."

"ಕಿಟಕಿಯಿಂದ ಬೋರ್ಡಿನ ಬೆನ್ನು ಕಾಣುತ್ತೆ ಕಣೆ. ನಾನು ಬೆನ್ನಿಗೆ ಬಣ್ಣ ಹಚ್ಚಿಲ್ಲ."

"ಹಾಗಾದ್ರೆ ಮನೇಲಿ ಹಾಕ್ಕೋತೀಯಲ್ಲ, ಆ ಪೈಜಾಮ ಹಾಕ್ಕೊಂಡು ಹೋಗು."

"ಪೈಜಾಮ ಹಾಕ್ಕೊಂಡು ಹೋಗಿ ನನ್ನ ಅಕ್ಷರಗಳ ಮುಂದೆ ನಿಲ್ಲೋದಾ? ಅವುಗಳಿಗೂ ಮಾನ ಮರ್ಯಾದೆ ಇದೆ."

ಕೊನೆಗೆ ಒಂದು ಒಪ್ಪಂದವಾಯಿತು. ಅಲ್ಲಿಂದ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ ಮಗಳು ಬರುತ್ತಾಳೆ. ಅಮ್ಮ ಗೌನು ಹಾಕಿಕೊಂಡು ಮೆಟ್ಟಿಲಿಳಿದು ತೋರಿಸಬೇಕು. ಅಂಚು ನೆಲಕ್ಕೆ ತಾಗಿತೋ, ಮೂರೂ ಗೌನು ಟ್ರಂಕಿಗೆ, ಏಣಿಯಮ್ಮನ ಸಂಜೆಯ ನಡಿಗೆ ಪಕ್ಕದ ಮನೆಯವಳ ತೋಳಿಗೆ. ಪಕ್ಕದ ಮನೆಯವಳು ಒಳ್ಳೆಯವಳೇ, ಆದರೆ ಬಾಯಿ ತೆರೆದರೆ ಮುಚ್ಚಲು ಇನ್ನೊಬ್ಬರು ಬೇಕು. ಅವಳ ಜೊತೆ ಒಂದು ಅಕ್ಷರವನ್ನೂ ನೆಮ್ಮದಿಯಾಗಿ ನೋಡಲಾಗುವುದಿಲ್ಲ.

ದರ್ಜಿಯ ಹತ್ತಿರ ಕೊಟ್ಟರೆ ಅರ್ಧ ದಿನದ ಕೆಲಸ. ಏಣಿಯಮ್ಮ ಸುತಾರಾಂ ಒಪ್ಪಲಿಲ್ಲ. ದರ್ಜಿಯ ಉದ್ದನೆಯ ಪುಸ್ತಕದಲ್ಲಿ ಅವಳ ಅಳತೆ ಇತ್ತು. ಆ ಬೀದಿಯ ಹೆಂಗಸರಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಹೋದರೆ ಅವನು ಕಿವಿಯ ಮೇಲಿನ ಪೆನ್ನು ತೆಗೆದು ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಇನ್ನೊಂದು ಬರೆಯುತ್ತಾನೆ. "ಅದು ಇದ್ದ ಹಾಗೆ ಇರಲಿ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಹೀಗೆ ನೀಲಿ ಗೌನು ಲಿಫ್ಟಜ್ಜನ ಕೈಗೆ ಬಂತು. ಹೊಲಿಗೆ ಅವನಿಗೆ ತೀರ ಹೊಸದಲ್ಲ. ಲಿಫ್ಟಿಗೆ ಯಾರೂ ಬಾರದ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕೂತು ತನ್ನ ಯೂನಿಫಾರ್ಮಿನ ಗುಂಡಿ, ಅರ್ಧ ಆಫೀಸಿನವರ ಗುಂಡಿ ಎಲ್ಲ ಹಾಕಿದ್ದ. ಒಮ್ಮೆ ಎರಡನೇ ಮಹಡಿಯಲ್ಲಿ ಸೂಜಿಗೆ ದಾರ ಪೋಣಿಸಲು ಶುರು ಮಾಡಿ, ಮೇಲೆ ಕೆಳಗೆ ಹೋಗಿ ಬಂದು, ಗಂಟು ಹಾಕುವಷ್ಟರಲ್ಲಿ ಕೋಟಿನ ಒಡೆಯನೇ ರಿಟೈರಾಗಿದ್ದನಂತೆ.

ಆ ಭಾನುವಾರ ಬೆಳಿಗ್ಗೆ ಊಟದ ಮೇಜು ಗೋಡೆಗೆ ಸರಿಸಿ ಅವನು ಗೌನನ್ನು ನೆಲದ ಮೇಲೆ ಹರಡಿದ. ಕಿಟಕಿಯ ಬಿಸಿಲು ಅದರ ಮೇಲೆ ಬಿತ್ತು. ನೀಲಿ ಬಟ್ಟೆ ಗಾಳಿಗೆ ಅಲ್ಲಲ್ಲಿ ಉಬ್ಬಿ ಇಳಿಯುತ್ತಿತ್ತು. ಕೋಣೆಯೊಳಗೆ ಯಾರಿಗೂ ಹೇಳದೆ ಒಂದು ಕೆರೆ ಬಂದು ಕೂತ ಹಾಗಿತ್ತು. ಅವನು ಅದರ ದಡದಲ್ಲಿ ಕೂತ. ಆಮೇಲೆ ಚಿಕ್ಕ ಕತ್ತರಿಯಿಂದ ಹಳೆಯ ಅಂಚಿನ ಹೊಲಿಗೆ ಬಿಚ್ಚುತ್ತಾ ಬಂದ. ಮಡಿಕೆಯೊಳಗೆ ಬಿಸಿಲು ಕಾಣದ ಬಟ್ಟೆ ಹೊಲಿಸಿದ ದಿನದ ನೀಲಿಯಾಗಿಯೇ ಉಳಿದಿತ್ತು. ಆ ನೀಲಿ ನೋಡಿ ಅವನಿಗೆ ಅವಳು ಮೊದಲ ಸಲ ಲಿಫ್ಟಿಗೆ ಬಂದ ದಿನ ಕಣ್ಣ ಮುಂದೆ ಬಂತು. ಆರನೇ ಮಹಡಿಯಲ್ಲಿ ಬೋರ್ಡು ಬರೆಯಲು ಬಂದವಳು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು, "ಇದರಲ್ಲಿ ಇನ್ನೂ ಸ್ವಲ್ಪ ಎತ್ತರದ್ದು ಸಿಗಲ್ವಾ?" ಎಂದು ಕೇಳಿದ್ದಳು. ಅಂಗಡಿಯಲ್ಲಿ ಚಪ್ಪಲಿ ಕೇಳಿದ ಹಾಗೆ.

"ಬನ್ನಿ, ಹಾಕ್ಕೊಂಡು ನಿಂತಿದೀನಿ," ಎಂದು ಏಣಿಯಮ್ಮ ಕೂಗಿದಳು. ಬಿಚ್ಚಿದ ಅಂಚನ್ನು ಅವನು ಹಳೆಯ ಗೆರೆಗೇ ಮಡಚಿ ಪಿನ್ನು ಚುಚ್ಚಿ ಕೊಟ್ಟಿದ್ದ. ಅವಳು ಕಿಟಕಿಯ ಪಕ್ಕದಲ್ಲಿ, ಒಂದು ಕೈ ಕಟ್ಟೆಯ ಮೇಲಿಟ್ಟುಕೊಂಡು, ಧ್ವಜದ ಕಂಬದ ಹಾಗೆ ನಿಂತಿದ್ದಳು.

ಅವನ ಹತ್ತಿರ ಟೇಪು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದು ಮರದ ಪಟ್ಟಿಯ ಮೇಲೆ ಮೂರು ಬೆರಳಿನ ಎತ್ತರಕ್ಕೆ ಗೆರೆ ಹಾಕಿದ್ದ. ಅದನ್ನು ನೆಲಕ್ಕೆ ಊರಿ, ಗೆರೆ ಬಂದಲ್ಲಿ ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕಿ, ಮಂಡಿಯ ಮೇಲೆ ಅವಳ ಸುತ್ತ ಒಂದು ಸುತ್ತು ಬಂದ. ಅಳತೆಯನ್ನು ನೆಲದಿಂದಲೇ ಮೇಲಕ್ಕೆ ತೆಗೆಯಬೇಕು ಎಂಬುದು ಅವನು ಲಿಫ್ಟಿನಿಂದ ಕಲಿತ ವಿದ್ಯೆ. ನೆಲ ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ಅವನ ನಂಬಿಕೆ.

ಗುರುತು ನೋಡಿ ಅವನಿಗೆ ಆಶ್ಚರ್ಯವಾಯಿತು. ಬರೀ ಮೂರು ಬೆರಳು ಮಡಚಿದರೆ ಸಾಕಿತ್ತು. "ಇಷ್ಟೇನಾ?" ಎಂದ.

"ಮತ್ತೆ? ನಾನೇನು ಸೋಪಾ, ದಿನಾ ಕರಗೋಕೆ?"

ಅವನು ಗುರುತಿಗೆ ಸರಿಯಾಗಿ ಮಡಚಿ, ಇಸ್ತ್ರಿ ಒತ್ತಿ, ಮೊದಲು ಉದ್ದುದ್ದ ಟಾಕು ಹಾಕಿದ. ಆಮೇಲೆ ನಿಜವಾದ ಹೊಲಿಗೆ. ಒಳಗಿನ ಮಡಿಕೆಯಲ್ಲಿ ಸೂಜಿ ತೂರಿಸಿ, ಹೊರಬಟ್ಟೆಯ ಒಂದೇ ಒಂದು ಎಳೆ ಹಿಡಿದು, ಮತ್ತೆ ಮಡಿಕೆಗೆ. ಹೊರಗಿನಿಂದ ನೋಡಿದರೆ ಹೊಲಿದದ್ದೇ ಕಾಣಬಾರದು. ಎಳೆ ಹಿಡಿ, ಬಿಡು, ಹಿಡಿ, ಬಿಡು. ಹೀಗೆ ಹೊಲಿಯುತ್ತಾ ಅವನಿಗೆ ಅರ್ಧ ನಿದ್ದೆಯಂಥ ಸುಖ ಹತ್ತಿತು. ಬೀದಿಯ ಸದ್ದು ದೂರ ಹೋಯಿತು. ಒಂದೊಂದು ಹೊಲಿಗೆಯೂ ಒಂದೊಂದು ಮಹಡಿ. ಬಾಗಿಲು ತೆರೆದರೆ ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಯಾರೋ ಟೈಪು ಹೊಡೆಯುತ್ತಿದ್ದಾರೆ, ಮತ್ತೊಂದರಲ್ಲಿ ಮಗಳು ಮೂರು ವರ್ಷದವಳಾಗಿ ಒಂದೇ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಸೂಜಿ ಬೆರಳಿಗೆ ಚುಚ್ಚಿದಾಗಲೇ ಅವನು ಭಾನುವಾರಕ್ಕೆ ವಾಪಸು ಬಂದದ್ದು.

ಹನ್ನೆರಡೂವರೆಗೆ ಕೆಲಸ ಮುಗಿಯಿತು. ಅವಳು ಹಾಕಿಕೊಂಡು ಕಿಟಕಿಯಿಂದ ಬಾಗಿಲವರೆಗೆ ನಡೆದಳು. ಅಂಚು ಸರ್ ಸರ್ ಎಂದು ನೆಲ ಒರಸಿಕೊಂಡು ಹೋಯಿತು.

ಲಿಫ್ಟಜ್ಜ ಕಿವಿ ನಿಮಿರಿಸಿದ. ಅವಳು ತಿರುಗಿ ಬಂದಳು. ಮತ್ತೆ ಅದೇ ಸದ್ದು. ಮೂವತ್ತೆಂಟು ವರ್ಷ ಕೂದಲೆಳೆಗೂ ತಪ್ಪದ ಕಣ್ಣು ಮೂರು ಬೆರಳು ತಪ್ಪಿತ್ತು. ಅವನು ಕನ್ನಡಕ ತೆಗೆದು ಒರಸಿದ, ಪಟ್ಟಿಯನ್ನು ತಿರುಗಿಸಿ ನೋಡಿದ, ನೆಲವನ್ನೂ ಒಮ್ಮೆ ಅನುಮಾನದಿಂದ ನೋಡಿದ.

"ಇನ್ನೊಂದು ಸಲ ನಿಲ್ಲು ಕಣೆ. ನನ್ನ ಕಣ್ಣು ಯಾಕೋ ಕೈಕೊಟ್ಟಿದೆ."

"ನಿಮ್ಮ ಕಣ್ಣಲ್ಲ ರೀ, ಈ ಬಟ್ಟೆ. ಗಂಟೆ ಗಂಟೆಗೂ ಬೆಳೀತಿದೆ. ನೀರು ಹಾಕಿದೀರಾ ಏನು?"

ಅವಳು ಮತ್ತೆ ಕಿಟಕಿಯ ಪಕ್ಕ ನಿಂತಳು. ಅವನು ಪಟ್ಟಿ ಊರಿದ. ಅಂಚು ನೆಲದಿಂದ ಮೂರು ಬೆರಳು ಮೇಲೆ ಸರಿಯಾಗಿ, ಅಚ್ಚುಕಟ್ಟಾಗಿ ನಿಂತಿತ್ತು. ನಡೆದರೆ ಒರಸುತ್ತದೆ, ನಿಂತರೆ ಮೇಲೆ ಹೋಗುತ್ತದೆ. ಇಂಥ ಗೌನನ್ನು ಅವನು ತನ್ನ ಸುಳ್ಳುಕಥೆಗಳಲ್ಲೂ ಕಂಡಿರಲಿಲ್ಲ. ಗಾಬರಿಯಲ್ಲಿ ಪಿನ್ನಿನ ಡಬ್ಬಿ ಕೈಜಾರಿ ಬಿತ್ತು. ಪಿನ್ನುಗಳು ಉರುಳಿಕೊಂಡು ಗೌನಿನ ಕೆಳಗೆ ಹೋದವು. ಅವನು ಕೆನ್ನೆಯನ್ನು ನೆಲಕ್ಕೆ ಹಚ್ಚಿ ಅಂಚಿನ ಕೆಳಗೆ ಇಣುಕಿದ.

ಒಳಗೆ ಮಬ್ಬು ನೀಲಿ ಬೆಳಕಿತ್ತು. ಆ ಬೆಳಕಿನಲ್ಲಿ ಏಣಿಯಮ್ಮನ ಎರಡು ಹಿಮ್ಮಡಿಗಳೂ ಗಾಳಿಯಲ್ಲಿದ್ದವು. ಬೆರಳ ತುದಿಯ ಮೇಲೆ ಅವಳ ಇಡೀ ಮೈ ನಿಂತಿತ್ತು. ಏಣಿಯ ಮೇಲೆ ಕೊನೆಯ ಅಕ್ಷರಕ್ಕಾಗಿ ವರ್ಷಗಟ್ಟಲೆ ಹೀಗೆ ಎದ್ದು ನಿಂತ ಕಾಲುಗಳವು, ಅಭ್ಯಾಸ ಹೋಗಿರಲಿಲ್ಲ. ಆದರೆ ಈಗ ಮೀನಖಂಡ ಸಣ್ಣಗೆ ನಡುಗುತ್ತಿತ್ತು.

ಅವನು ಪಿನ್ನು ಹೆಕ್ಕುವ ನೆಪದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೆಳಗೇ ಇದ್ದ. ಹಿಮ್ಮಡಿ ಇಳಿಸು ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಆ ಮಾತಿಗೂ ದರ್ಜಿಯ ಪೆನ್ನಿಗೂ ಏನು ವ್ಯತ್ಯಾಸ? ಹೇಳದಿದ್ದರೆ ನಾಲ್ಕು ಗಂಟೆಗೆ ಗೌನು ಟ್ರಂಕಿಗೆ ಹೋಗುತ್ತದೆ, ಇಲ್ಲವೇ ಇವಳು ಮತ್ತೆ ಮೆಟ್ಟಿಲಲ್ಲಿ ಉರುಳುತ್ತಾಳೆ.

"ಏನ್ರೀ, ಅಲ್ಲೇ ನಿದ್ದೆ ಬಂತಾ?"

"ಇಲ್ವೇ. ನಮ್ಮ ಆರನೇ ಮಹಡಿಯ ದಪ್ಪ ಮ್ಯಾನೇಜರು ನೆನಪಾದ," ಎಂದ ಲಿಫ್ಟಜ್ಜ.

"ಅವನ್ಯಾಕೆ ನನ್ನ ಗೌನಿನ ಕೆಳಗೆ ನೆನಪಾದ?"

"ಕೇಳು ಇಲ್ಲಿ. ಒಂದಿನ ಅವನು ಲಿಫ್ಟಿಗೆ ಬಂದ. ಅವನು ಒಳಗೆ ಹೊಕ್ಕ, ನಾನು ಹೊರಗೆ ಬಂದೆ. ಇಬ್ಬರಿಗೂ ಜಾಗ ಇರಲಿಲ್ಲ. ಮೇಲಕ್ಕೆ ಹೋಗೋಣ ಅಂತ ಅವನೇ ಹಿಡಿಕೆ ತಿರುಗಿಸಿದ. ಲಿಫ್ಟು ಇದ್ದಲ್ಲೇ ಇತ್ತು. ಕಟ್ಟಡ ಒಂದು ಮಹಡಿ ಕೆಳಗೆ ಹೋಯ್ತು."

ಮೇಲೆ ಒಂದು ಫುಸ್ ಎಂಬ ನಗು. ಕೆಳಗೆ ಹಿಮ್ಮಡಿ ಇಳಿದು ಮೆತ್ತಗೆ ನೆಲ ಮುಟ್ಟಿತು. ಲಿಫ್ಟಜ್ಜ ತಕ್ಷಣ ಪಟ್ಟಿ ಊರಿ ಒಂದು ಪಿನ್ನು ಚುಚ್ಚಿದ.

"ಆಗ ಇದ್ದಕ್ಕಿದ್ದ ಹಾಗೆ ಮೇಲಿನ ಹಗ್ಗ ಕಿರ್ರ್ ಅಂತು," ಎಂದು ಮುಂದುವರಿಸಿದ.

"ಆಮೇಲೆ?" ಎಂದಳು ಅವಳು. ಕುತೂಹಲಕ್ಕೆ ಹಿಮ್ಮಡಿ ಮತ್ತೆ ಮೇಲೆದ್ದಿತು.

ಅವನಿಗೆ ಗುಟ್ಟು ತಿಳಿಯಿತು. ಕಥೆ ರೋಚಕವಾದರೆ ಇವಳು ಎದ್ದು ನಿಲ್ಲುತ್ತಾಳೆ, ನಗೆ ಬಂದರೆ ಇಳಿಯುತ್ತಾಳೆ. ಸುತ್ತಲೂ ಇಪ್ಪತ್ತು ಪಿನ್ನು ಬೇಕು, ಅಂದರೆ ಇಪ್ಪತ್ತು ನಗು. ಆ ವಯಸ್ಸಿನಲ್ಲಿ ಹೆಂಡತಿಯನ್ನು ಒಂದೇ ಸಮ ಇಪ್ಪತ್ತು ಸಲ ನಗಿಸಿದ ಗಂಡಂದಿರನ್ನು ಯಾರಾದರೂ ಕಂಡಿದ್ದರೆ ಹೇಳಬೇಕು.

"ಆಮೇಲೇನು, ಹಗ್ಗ ಹೇಳ್ತು, ಸಾರ್ ನಾನು ರಜೆ ಹಾಕ್ತೀನಿ ಅಂತ."

ಒಂದು ಪಿನ್ನು.

"ಮೊದಲನೇ ಮಹಡಿಯ ಗುಮಾಸ್ತರು ಕಿಟಕಿ ತೆಗೆದ್ರೆ ಎದುರಿಗೆ ರಸ್ತೆಯವರ ಕಾಲುಗಳು. ಒಬ್ಬ ಗುಮಾಸ್ತ ಕೂತಲ್ಲೇ ಇಪ್ಪತ್ತು ಜನರ ಶೂಗೆ ಪಾಲಿಶ್ ಮಾಡಿ, ಸೈಡಿಗೆ ಅದೇ ಬಿಸಿನೆಸ್ ಶುರು ಮಾಡಿದ."

ಎರಡು ಪಿನ್ನು.

"ಸುಳ್ಳಿಗೂ ಒಂದು ಅಳತೆ ಬೇಕು ರೀ," ಎನ್ನುತ್ತಾ ಅವಳು ಕಣ್ಣು ಒರಸಿಕೊಂಡಳು. ಅವಳು ನಗುನಗುತ್ತಾ ಕಟ್ಟೆ ಬಿಟ್ಟು ಅವನ ಹೆಗಲು ಹಿಡಿದುಕೊಂಡಳು. ಕಥೆಯಲ್ಲಿ ಮ್ಯಾನೇಜರನ್ನು ಹೊರಗೆ ಎಳೆಯಲು ಇಡೀ ಆಫೀಸು ಸಾಲಾಗಿ ನಿಂತಿತು. ಎಳೆದ ರಭಸಕ್ಕೆ ಅವನ ಬದಲು ಅವನ ಟೈ ಮಾತ್ರ ಬಂತು, ಎಂಟು ಗಜ ಉದ್ದ. ಆ ಟೈ ಹೊಲಿಸಿ ಕಿಟಕಿಗಳಿಗೆಲ್ಲ ಪರದೆ ಮಾಡಿದರು. ಹೀಗೆ ಮ್ಯಾನೇಜರನ ಕಷ್ಟ ಬೆಳೆಸುತ್ತಾ, ಲಿಫ್ಟಜ್ಜ ಮಂಡಿ ಊರಿ ಹೆಂಡತಿಯ ಸುತ್ತ ಸಣ್ಣ ಗ್ರಹದ ಹಾಗೆ ಸುತ್ತಿದ. ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯಿತು. ಇಪ್ಪತ್ತನೇ ಪಿನ್ನು ಚುಚ್ಚಿದಾಗ ಅವನ ಮಂಡಿ ಸತ್ತಿತ್ತು, ಕಥೆಯಲ್ಲಿ ಕಟ್ಟಡವೇ ಉಳಿದಿರಲಿಲ್ಲ.

ಒಂದೂವರೆಗೆ ಬೆಳಗಿನ ಹೊಲಿಗೆಯನ್ನೆಲ್ಲ ಬಿಚ್ಚಿ ಕೂತ. ಇನ್ನೂ ಮೂರು ಬೆರಳು ಮೇಲಕ್ಕೆ ಹೋಗಬೇಕು. ಬಟ್ಟೆ ಕತ್ತರಿಸಲಿಲ್ಲ, ಎಲ್ಲವನ್ನೂ ಒಳಗೇ ಮಡಚಿದ. ಕೆಳಗೆ ಅಗಲ, ಮೇಲೆ ಕಿರಿದಾದ ಗೌನು. ಮಡಿಕೆಯಲ್ಲಿ ಬಟ್ಟೆ ಹೆಚ್ಚಾದಲ್ಲಿ ಒಳಗಡೆ ಸಣ್ಣ ಸಣ್ಣ ನೆರಿಗೆ ಹಿಡಿದು ಕೂರಿಸಿದ. ಈ ಸಲ ನಿದ್ದೆಯಿಲ್ಲ, ಕನಸಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದ. ಮೂರೂ ಮುಕ್ಕಾಲಿಗೆ ದಾರವನ್ನು ಹಲ್ಲಿನಿಂದ ಕಡಿದ.

ಮಗಳು ನಾಲ್ಕು ಗಂಟೆಗೆ ಡ್ಯೂಟಿಯಿಂದ ನೇರ ಬಂದಳು, ಯೂನಿಫಾರ್ಮಿನಲ್ಲೇ. ಮೆಟ್ಟಿಲುಗಳ ಕೆಳಗೆ ಹೋಗಿ ಮೇಲಕ್ಕೆ ನೋಡುತ್ತಾ ನಿಂತಳು.

"ಇಳಿ ಅಮ್ಮ. ನಾನಿಲ್ಲಿ ಇರ್ತೀನಿ."

"ನೀನಲ್ಲಿದ್ರೆ ಬಿದ್ದಾಗ ಇಬ್ಬರಿಗೂ ಪೆಟ್ಟು. ಪಕ್ಕಕ್ಕೆ ನಿಲ್ಲು."

ಇಪ್ಪತ್ತನಾಲ್ಕು ಮೆಟ್ಟಿಲು. ಲಿಫ್ಟಜ್ಜ ಮೇಲಿನ ಬಾಗಿಲಲ್ಲಿ ನಿಂತು ಅಂಚನ್ನೇ ನೋಡಿದ. ಇಳಿಯುವಾಗ ಯಾರೂ ತುದಿಗಾಲಲ್ಲಿ ಇಳಿಯುವುದಿಲ್ಲ. ಏಣಿಯಮ್ಮನ ಇಡೀ ಪಾದ ಪ್ರತಿ ಮೆಟ್ಟಿಲ ಮೇಲೂ ಊರಿತು, ಅಂಚು ಅದರ ಮೇಲೆ ಮೂರು ಬೆರಳು ಜಾಗ ಬಿಟ್ಟು ಹಗುರವಾಗಿ ತೂಗಿತು. ಅವಳು ಇಳಿದಳು, ಹತ್ತಿದಳು, ಯಾರೂ ಕೇಳದಿದ್ದರೂ ಮತ್ತೆ ಇಳಿದಳು. ಮಗಳು ಬಗ್ಗಿ ಅಂಚು ಮುಟ್ಟಿ, ತಿರುಗಿಸಿ, ಹೊಲಿಗೆ ಹುಡುಕಿದಳು. ಕಾಣಲಿಲ್ಲ.

"ಸರಿ, ಹೋಗಿ ಬಾ," ಎಂದಳು.

ಏಣಿಯಮ್ಮ ಹಿಂದೆ ತಿರುಗಿಯೂ ನೋಡದೆ ಹೋದಳು. ಕನ್ನಡಕದ ಅಂಗಡಿಯ ಕೆಳಗೆ ನಿಂತಳು, ಬೀಗದ ಅಂಗಡಿಯ ಕೆಳಗೆ ನಿಂತಳು. ನೀಲಿ ಚುಕ್ಕೆ ಚಿಕ್ಕದಾಗುತ್ತಾ ತಿರುವಿನಲ್ಲಿ ಕರಗಿತು. ಅಪ್ಪ ಮಗಳು ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮಗಳು ಅವನ ಹೆಗಲಿಗೆ ತಲೆ ಇಟ್ಟು ಕಣ್ಣು ಮುಚ್ಚಿದಳು.

ಅರ್ಧ ಗಂಟೆಗೆ ಏಣಿಯಮ್ಮ ವಾಪಸು ಬಂದಳು. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಒಂದು ಅಕ್ಷರಕ್ಕೇ ಹುಳುಕು ಹಿಡಿದಿದೆ ಎಂದು ವರದಿ ಕೊಟ್ಟು ಒಳಗೆ ಹೋದಳು. ಮಗಳು ಬಸ್ಸಿನ ಹೊತ್ತಾಯಿತು ಎಂದು ಹೊರಟಳು. ಲಿಫ್ಟಜ್ಜ ಒಳಗೆ ಬಂದಾಗ ಏಣಿಯಮ್ಮ ಕಂದು ಗೌನು ಹಾಕಿಕೊಂಡು ಕೋಣೆಯ ನಡುವೆ ನಿಂತಿದ್ದಳು. ಕೈ ಯಾವುದನ್ನೂ ಹಿಡಿದಿರಲಿಲ್ಲ. ಅಂಚು ನೆಲದ ಮೇಲೆ ಸುತ್ತಲೂ ಬಿದ್ದುಕೊಂಡಿತ್ತು, ಅವನು ಎಂದೂ ನೋಡಿರದಷ್ಟು.

"ತಗೊಳ್ಳಿ ಅಳತೆ," ಎಂದಳು.

ಅವನು ಮಂಡಿಯೂರಿದ. ಏನು ನಗೆಮಾತು ಹೇಳಲಿ ಎಂದು ಬಾಯಿ ತೆರೆದ.

"ಕಥೆ ಬೇಡ ರೀ. ನೆಲದ ಮೇಲೇ ನಿಂತಿದೀನಿ."

ಅವನು ಬಾಯಿ ಮುಚ್ಚಿ ಪಟ್ಟಿ ಊರಿದ. ಇಪ್ಪತ್ತು ಪಿನ್ನು ಚುಚ್ಚುವಷ್ಟು ಹೊತ್ತು ಅವಳು ಅಲ್ಲಾಡಲಿಲ್ಲ. ಮುಗಿದ ಮೇಲೆ ಕೇಳಿದಳು:

"ಒಟ್ಟು ಎಷ್ಟು ಬೆರಳು?"

ಲಿಫ್ಟಜ್ಜನ ನಾಲಿಗೆಯ ತುದಿಗೆ ಎರಡು ಬಂತು, ಒಂದೂವರೆ ಬಂತು. ಅವನು ತಲೆ ಎತ್ತಿ ಅವಳನ್ನು ನೋಡಿದ.

"ಆರು," ಎಂದ.

ಅವಳು ಬಗ್ಗಿ, ಮಡಿಕೆಯ ಪಕ್ಕಕ್ಕೆ ತನ್ನ ಕೈಯ ಬೆರಳುಗಳನ್ನು ಒಂದೊಂದಾಗಿ ಇಟ್ಟು ತಾನೇ ಅಳೆದಳು. ನಾಲ್ಕು ಒಂದು ಕೈಯದು, ಎರಡು ಇನ್ನೊಂದರದು.

"ಪರವಾಗಿಲ್ಲ," ಎಂದಳು. "ಇನ್ನೂ ತುಂಬಾ ಉಳಿದಿದೀನಿ."